ಎದೆಯ ಮೇಲೊಂದು ಹೆಸರು

ಆಟದ ಬನಿಯನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ವಸ್ತು ಎಂಬ ಕಲ್ಪನೆಯೇ ನಮ್ಮ ಕಡೆ ಬಹಳ ಕಾಲ ಇರಲಿಲ್ಲ. ಅದು ಹೆಡ್‌ಮಾಸ್ತರ ಕೋಣೆಯ ಮೂಲೆಯಲ್ಲಿದ್ದ ತಗಡಿನ ಟ್ರಂಕಿನೊಳಗೆ ಇರುತ್ತಿತ್ತು. ಮೇಲೆ ಗಾಳಿ ಹೋದ ವಾಲಿಬಾಲು, ಅದರ ಕೆಳಗೆ ಹರಿದ ನೆಟ್ಟು, ಅದರ ಕೆಳಗೆ ನುಸಿಗುಳಿಗೆಯ ವಾಸನೆ ಹೊಡೆಯುವ ಹನ್ನೆರಡು ಹಸಿರು ಬನಿಯನ್ನುಗಳು. ತಾಲ್ಲೂಕು ಮಟ್ಟದ ಕ್ರೀಡಾಕೂಟದ ಹಿಂದಿನ ದಿನ ಬೀಗ ತೆಗೆದು, ಆಯ್ಕೆಯಾದ ಹನ್ನೆರಡು ಮಕ್ಕಳಿಂದ ಸ್ಟಾಕ್ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಒಂದೊಂದು ಕೊಡುತ್ತಿದ್ದೆವು. ಆಡಿ ಬಂದ ಮೇಲೆ ಒಗೆದು, ಒಣಗಿಸಿ, ಮಡಿಸಿ ತಂದು ಒಪ್ಪಿಸಬೇಕು. ಬೆನ್ನ ಮೇಲಿನ ನಂಬರು ಊರಿನ ಟೈಲರು ಬಿಳಿ ಬಟ್ಟೆ ಕತ್ತರಿಸಿ ಹೊಲಿದದ್ದು. ಅದು ಒಂದೋ ಏಳೋ ಎಂದು ತಿಳಿಯಬೇಕಾದರೆ ಹತ್ತಿರ ಹೋಗಿ ನೋಡಬೇಕಿತ್ತು.

ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದವನು ನಾನು. ಆ ಟ್ರಂಕಿನ ಬೀಗದ ಕೈ ನನ್ನ ಬಳಿಯೇ ಇರುತ್ತಿದ್ದುದರಿಂದ ಹುಡುಗರ ಕಣ್ಣಿಗೆ ನಾನೊಬ್ಬ ಖಜಾಂಚಿಯ ಹಾಗೆ ಕಾಣುತ್ತಿದ್ದೆನೋ ಏನೋ. ಒಮ್ಮೆ ಖೋ ಖೋ ತಂಡದ ಹುಡುಗಿಯೊಬ್ಬಳು ಬನಿಯನ್ನನ್ನು ಒಂದು ವಾರ ತಡವಾಗಿ ತಂದುಕೊಟ್ಟಳು. ಕಂಕುಳ ಹತ್ತಿರ ಹರಿದಿದ್ದ ಕಡೆ ಬಣ್ಣ ಹೊಂದುವ ದಾರದಿಂದ ನೀಟಾಗಿ ಹೊಲಿಗೆ ಬಿದ್ದಿತ್ತು. ಯಾಕಮ್ಮ ಇಷ್ಟು ದಿನ ಎಂದು ಕೇಳಿದೆ. "ಅಜ್ಜಿ ಊರಿಗೆ ಹೋಗಿದ್ದೆ ಸಾರ್, ತೋರಿಸೋಕೆ" ಎಂದಳು. ಇನ್ನೇನು ಬೈಯುವುದು! ಆ ಬನಿಯನ್ನಿನ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ, ಶಾಲೆಯ ಹೆಸರೂ ಇರಲಿಲ್ಲ. ಇದ್ದದ್ದು ಒಂದು ಸೊಟ್ಟ ನಂಬರು. ಆದರೆ ಆ ನಂಬರು ಅಂಗಡಿಯಲ್ಲಿ ಸಿಗುವಂಥದಲ್ಲ, ಓಡಿ ಸಂಪಾದಿಸಿದ್ದು.

ಈಗ ಯಾವ ಊರಿನ ಸಂತೆಗೆ ಹೋದರೂ ಹಗ್ಗಕ್ಕೆ ತೂಗುಹಾಕಿದ ನೀಲಿ ಜೆರ್ಸಿಗಳು ಗಾಳಿಗೆ ಹಾರಾಡುತ್ತಿರುತ್ತವೆ. ಇನ್ನೂರಕ್ಕೋ ಮುನ್ನೂರಕ್ಕೋ ಚೌಕಾಸಿ ಮಾಡಿದರೆ ಕೊಹ್ಲಿಯೂ ಸಿಗುತ್ತಾರೆ, ರೋಹಿತರೂ ಸಿಗುತ್ತಾರೆ. ಇದು ಒಳ್ಳೆಯದೇ, ಟ್ರಂಕಿನ ಬೀಗ ಒಡೆದಂತಾಯಿತು ಎಂದು ಮೊದಮೊದಲು ನನಗೂ ಅನ್ನಿಸಿತ್ತು. ಆದರೆ ನಿವೃತ್ತಿಗೆ ಒಂದೆರಡು ವರ್ಷ ಇರುವಾಗ ಮೈದಾನದಲ್ಲಿ ಹೊಸದೊಂದು ಪ್ರಶ್ನೆ ಕೇಳಿಬರತೊಡಗಿತು. ಯಾರಾದರೂ ಹುಡುಗ ಜೆರ್ಸಿ ಹಾಕಿಕೊಂಡು ಬಂದರೆ, ನೀನು ಬ್ಯಾಟ್ಸ್‌ಮನ್ನೋ ಬೌಲರೋ ಎಂದು ಯಾರೂ ಕೇಳುವುದಿಲ್ಲ. "ಒರಿಜಿನಲ್ಲಾ?" ಎಂದು ಕೇಳುತ್ತಾರೆ. ಕಾಲರಿನ ಹಿಂದಿನ ಚೀಟಿ ಎಳೆದು ನೋಡುವವರೂ ಉಂಟು. ಸಂತೆಯ ಜೆರ್ಸಿ ತೊಟ್ಟ ಹುಡುಗ ಆ ಹೊತ್ತಿಗೆ ನೆಲ ನೋಡುತ್ತಾನೆ.

ಒರಿಜಿನಲ್ ಎಂದರೆ ಎಷ್ಟು? 2023ರಲ್ಲಿ ಅಡಿಡಾಸ್ ಕಂಪನಿ ಭಾರತ ತಂಡದ ಬಟ್ಟೆ ತಯಾರಿಸುವ ಹಕ್ಕು ಪಡೆದಾಗ ಮೂರು ದರ್ಜೆಯ ಜೆರ್ಸಿಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಆಟಗಾರರು ತೊಡುವಂಥದ್ದೇ ಬೇಕಾದರೆ 4,999 ರೂಪಾಯಿ, ಅದರ ಪ್ರತಿಕೃತಿಗೆ 2,999, ಸಾಧಾರಣ ಅಭಿಮಾನಿಯ ಅಂಗಿಗೆ 999. ರೈಲಿನ ಡಬ್ಬಿಗಳ ಹಾಗೆ ಅಭಿಮಾನಕ್ಕೂ ದರ್ಜೆ! ಮನೆಯಲ್ಲಿ ಇಬ್ಬರು ಮಕ್ಕಳಿದ್ದು, ಇಬ್ಬರೂ ಮೊದಲ ದರ್ಜೆಯದೇ ಬೇಕೆಂದು ಹಟ ಹಿಡಿದರೆ ಹತ್ತು ಸಾವಿರ ರೂಪಾಯಿ. ಎಷ್ಟೋ ಮನೆಗಳಲ್ಲಿ ಅದು ತಿಂಗಳ ಖರ್ಚು.

ಈ ವ್ಯಾಪಾರ ಬೆಳೆದ ಬಗೆ ಸ್ವಾರಸ್ಯವಾಗಿದೆ. 1983ರಲ್ಲಿ ಕಪಿಲ್ ದೇವ್ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಎತ್ತಿ ಹಿಡಿದಾಗ ನಮ್ಮವರು ತೊಟ್ಟದ್ದು ಬಿಳಿ ಬಟ್ಟೆ. ಆ ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತ ನಮ್ಮ ರೋಜರ್ ಬಿನ್ನಿಯವರ ಅಂಗಿಯೂ, ನಮ್ಮೂರ ವೈದ್ಯರ ಅಂಗಿಯೂ ದೂರದಿಂದ ಒಂದೇ ಥರ ಕಾಣುತ್ತಿದ್ದವು. ಬಣ್ಣ ತಂದವರು ಆಸ್ಟ್ರೇಲಿಯದ ಟಿವಿ ಒಡೆಯ ಕೆರಿ ಪ್ಯಾಕರ್. ಆಟಗಾರರನ್ನು ಬೋರ್ಡುಗಳಿಂದ ಸೆಳೆದುಕೊಂಡು ತಮ್ಮದೇ ಸರಣಿ ನಡೆಸಿದ ಈ ಮಹಾಶಯರು 1979ರ ಜನವರಿಯಲ್ಲಿ ಸಿಡ್ನಿಯಲ್ಲಿ ದೀಪದ ಬೆಳಕಿನ ಪಂದ್ಯಕ್ಕೆ ಆಸ್ಟ್ರೇಲಿಯದವರಿಗೆ ಹಳದಿ, ವೆಸ್ಟ್ ಇಂಡೀಸಿನವರಿಗೆ ಗುಲಾಬಿ ಬಟ್ಟೆ ತೊಡಿಸಿದರು. ಹಳೆಯ ತಲೆಗಳು ಪೈಜಾಮ ಕ್ರಿಕೆಟ್ ಎಂದು ನಕ್ಕವು. ಆದರೆ ಬಣ್ಣದ ಟಿವಿಗೆ ಬಣ್ಣದ ಬಟ್ಟೆ ಬೇಕಿತ್ತು. ಬೇಕಾದದ್ದನ್ನು ಅದು ಪಡೆಯಿತು. 1985ರಲ್ಲಿ ಗಾವಸ್ಕರ್ ನಾಯಕತ್ವದಲ್ಲಿ ನಮ್ಮವರು ಮೆಲ್ಬರ್ನಿನಲ್ಲಿ ಪಾಕಿಸ್ತಾನವನ್ನು ಸೋಲಿಸಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದಾಗ ತಿಳಿನೀಲಿ ತೊಟ್ಟಿದ್ದರು. ವಿಕೆಟ್ಟಿನ ಹಿಂದೆ ನಮ್ಮ ಸದಾನಂದ ವಿಶ್ವನಾಥ್ ಆ ನೀಲಿಯಲ್ಲಿ ಮಿಂಚಿದ್ದನ್ನು ನೋಡಿದವರು ಇನ್ನೂ ಮರೆತಿಲ್ಲ. ವಿಶ್ವಕಪ್ಪಿಗೆ ಬಣ್ಣ ಬಂದದ್ದು, ಬೆನ್ನ ಮೇಲೆ ಆಟಗಾರನ ಹೆಸರು ಬಂದದ್ದು 1992ರಲ್ಲಿ.

ಹೀಗಿದ್ದರೂ ನೋಡುವವರು ಮಾತ್ರ ಬಹಳ ವರ್ಷ ನೋಡುವವರಾಗಿಯೇ ಉಳಿದರು. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್ಲಿನ ಚಿತ್ರಗಳನ್ನು ಈಗಲೂ ಟಿವಿಯಲ್ಲಿ ಹಾಕುತ್ತಿರುತ್ತಾರೆ. ಅಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿ ಕೆಣಕಿದ್ದು, ವೆಂಕಟೇಶ್ ಪ್ರಸಾದ್ ಮರುಚೆಂಡಿಗೇ ಸ್ಟಂಪು ಹಾರಿಸಿದ್ದು ಎಲ್ಲರಿಗೂ ಗೊತ್ತು. ಮುಂದಿನ ಸಲ ಸೊಹೈಲನನ್ನು ಬಿಟ್ಟು ಗ್ಯಾಲರಿಯನ್ನು ನೋಡಿ. ಕುಣಿಯುತ್ತಿರುವವರ ಮೈಮೇಲೆ ಗೆರೆ ಗೆರೆ ಅಂಗಿ, ಚೌಕಳಿ ಅಂಗಿ, ಆಫೀಸಿನಿಂದ ನೇರ ಬಂದವರ ಇಸ್ತ್ರಿ ಅಂಗಿ. ಇಂದಿನ ಪಂದ್ಯದಲ್ಲಿ ಆ ಜಾಗದಲ್ಲಿ ಒಂದೇ ನೀಲಿ ಕೆರೆ. ಮೂವತ್ತು ವರ್ಷಗಳಲ್ಲಿ ನೋಡುವವನೂ ಆಟಗಾರನ ವೇಷ ತೊಟ್ಟುಬಿಟ್ಟ.

ವೇಷವೇನೋ ಸರಿ, ವೇಷದ ಎದೆಯ ಮೇಲೆ ಏನು ಬರೆದಿದೆ? ನಿವೃತ್ತಿಯ ಮುಂಚಿನ ಒಂದು ಮಳೆಗಾಲದಲ್ಲಿ, ಹೊರಗೆ ಆಡಲಾಗದ ಪಿ.ಟಿ. ಪೀರಿಯಡ್ಡುಗಳಲ್ಲಿ, ಒಂಬತ್ತನೇ ತರಗತಿಯ ಮಕ್ಕಳ ಜೊತೆ ಇದನ್ನೇ ಪಾಠ ಮಾಡಿಕೊಂಡು ಕೂತಿದ್ದೆ. ಭಾರತ ತಂಡದ ಎದೆಯ ಮೇಲೆ ಬಂದುಹೋದ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದು, ಇವರು ಏನು ಮಾರುತ್ತಾರೆ ಹೇಳಿ ಎಂದೆ. 1990ರ ದಶಕದಲ್ಲಿ ವಿಲ್ಸ್. ಅದೇನೆಂದು ಮಕ್ಕಳಿಗೆ ಗೊತ್ತಿರಲಿಲ್ಲ. ಸಿಗರೇಟು ಎಂದಾಗ ಇಡೀ ತರಗತಿ ಬಾಯಿ ಬಿಟ್ಟಿತು. ಓಡಿ ಏದುಸಿರು ಬಿಡುವ ಆಟಗಾರನ ಎದೆಯ ಮೇಲೆಯೇ ಸಿಗರೇಟಿನ ಹೆಸರು! ಆ ಕಂಪನಿ 2001ರಲ್ಲಿ ಹಿಂದೆ ಸರಿಯಿತು. ತಂಬಾಕಿನ ಜಾಹೀರಾತು, ಪ್ರಾಯೋಜಕತ್ವಗಳನ್ನು ನಿಷೇಧಿಸುವ ಕಾನೂನು ಬಂದದ್ದು 2003ರಲ್ಲಿ. ಆಮೇಲೆ ಹನ್ನೆರಡು ವರ್ಷ ಸಹಾರಾ, ಊರೂರಿನಲ್ಲಿ ಸಣ್ಣಪುಟ್ಟ ಉಳಿತಾಯದಾರರಿಂದ ಹಣ ಸಂಗ್ರಹಿಸುತ್ತಿದ್ದ ಸಮೂಹ. ಹೂಡಿಕೆದಾರರ ಹಣ ಹಿಂದಿರುಗಿಸಿ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಅದಕ್ಕೆ ಆದೇಶಿಸಿತು. 2014ರಿಂದ ಸ್ಟಾರ್ ಟಿವಿ. 2017ರಲ್ಲಿ ಚೀನಾದ ಮೊಬೈಲ್ ಕಂಪನಿ ಒಪ್ಪೊ, ಐದು ವರ್ಷಕ್ಕೆ 1,079 ಕೋಟಿ ಕೊಡುವ ಮಾತಿನೊಂದಿಗೆ ಬಂದು, ಎರಡೂವರೆ ವರ್ಷದಲ್ಲೇ ಜಾಗವನ್ನು ಬೈಜೂಸ್‌ಗೆ ಬಿಟ್ಟುಕೊಟ್ಟಿತು.

ಬೈಜೂಸ್ ಮಕ್ಕಳಿಗೆ ಗೊತ್ತಿತ್ತು. ನಮ್ಮ ಬೆಂಗಳೂರಿನದೇ ಕಂಪನಿ, ಮೊಬೈಲಿನಲ್ಲಿ ಪಾಠ ಹೇಳುವುದು. 2023ರಲ್ಲಿ ಅದು ಎದೆಯಿಂದ ಇಳಿಯಿತು. ತನಗೆ ಬರಬೇಕಾದ ಸುಮಾರು 158 ಕೋಟಿ ರೂಪಾಯಿ ಬಂದಿಲ್ಲವೆಂದು ಕ್ರಿಕೆಟ್ ಮಂಡಳಿ ದೂರು ಕೊಟ್ಟು, 2024ರಲ್ಲಿ ಆ ಕಂಪನಿ ದಿವಾಳಿ ಪ್ರಕ್ರಿಯೆಯ ಕಟ್ಟೆ ಹತ್ತಿತು. ಬೈಜೂಸಿನ ಜಾಗಕ್ಕೆ ಬಂದದ್ದು ಡ್ರೀಮ್ ಇಲೆವೆನ್, ದುಡ್ಡು ಕಟ್ಟಿ ಮೊಬೈಲಿನಲ್ಲಿ ತಂಡ ಕಟ್ಟುವ ಆಟ. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಮಾಡಿತು. ಮರುತಿಂಗಳು ಏಷ್ಯಾ ಕಪ್ಪಿನಲ್ಲಿ ನಮ್ಮ ಹುಡುಗರು ಯಾವ ಪ್ರಾಯೋಜಕರ ಹೆಸರೂ ಇಲ್ಲದ ಅಂಗಿ ತೊಟ್ಟು ಆಡಿದರು, ಗೆದ್ದೂ ಬಂದರು. ಅದೇ ತಿಂಗಳು ಅಪೊಲೊ ಟೈರ್ಸ್ ಜೊತೆ ಒಪ್ಪಂದವಾಯಿತು. ಈ ಕೊನೆಯ ಭಾಗವನ್ನು ತರಗತಿಯಲ್ಲಿ ಹೇಳುವ ಭಾಗ್ಯ ನನಗಿರಲಿಲ್ಲ, ಅಷ್ಟರಲ್ಲಿ ಮನೆ ಸೇರಿದ್ದೆ. ಸಿಗರೇಟು, ಉಳಿತಾಯ, ಟಿವಿ, ಮೊಬೈಲು, ಟ್ಯೂಷನ್ನು, ಬಾಜಿ, ಟೈರು. ಮೂವತ್ತು ವರ್ಷ ಈ ದೇಶದಲ್ಲಿ ಯಾರ ಕೈಯಲ್ಲಿ ಯಾವಾಗ ದುಡ್ಡು ಓಡಾಡಿತು ಎಂಬುದನ್ನು ಅರ್ಥಶಾಸ್ತ್ರದ ಪುಸ್ತಕ ತೆರೆಯದೆಯೇ ಒಂದು ಅಂಗಿಯ ಮೇಲೆ ಓದಬಹುದು.

ಅಂದು ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಒಂದು ಮಾತು ಕೇಳಿದ. "ಸಾರ್, ಅವರ ಹೆಸರು ಹಾಕ್ಕೊಳ್ಳೋಕೆ ಆಟಗಾರರಿಗೆ ಅವರೇ ದುಡ್ಡು ಕೊಡ್ತಾರೆ. ನಾವು ಹಾಕ್ಕೊಂಡ್ರೆ ನಾವೇ ಯಾಕೆ ಕೊಡಬೇಕು?" ಗಣಿತದಲ್ಲಿ ಮೂವತ್ತೈದು ದಾಟದ ಹುಡುಗ. ನನ್ನ ಇಡೀ ಪಾಠವನ್ನು ಅವನು ಒಂದು ವಾಕ್ಯದಲ್ಲಿ ಮುಗಿಸಿಬಿಟ್ಟ.

ಅಂದ ಹಾಗೆ, ವಿಶ್ವಕಪ್ಪಿನಂಥ ಐಸಿಸಿ ಕೂಟಗಳಲ್ಲಿ ಎದೆಯ ನಡುಮಧ್ಯದ ಜಾಗ ದೇಶದ ಹೆಸರಿಗೇ ಮೀಸಲು. ಪ್ರಾಯೋಜಕರ ಹೆಸರು ತೋಳಿಗೆ ಸರಿಯಬೇಕು. ಯಾವ ಜೆರ್ಸಿ ಕೊಡಿಸಲಿ ಎಂದು ನನ್ನನ್ನು ಕೇಳುವ ತಂದೆತಾಯಂದಿರಿಗೆ ನಾನು ಹೇಳುವುದು ಇದನ್ನೇ. ಕೊಡಿಸುವುದಾದರೆ ವಿಶ್ವಕಪ್ಪಿನದನ್ನು ಕೊಡಿಸಿ. ಕಂಪನಿ ಬದಲಾದರೂ ಅಂಗಿ ಹಳತಾಗುವುದಿಲ್ಲ.

ಗುರುತುಗಳ ಹುಚ್ಚು ನಮ್ಮಲ್ಲೇ ಹುಟ್ಟಿದ್ದೇನಲ್ಲ. ಜರ್ಮನಿಯ ಹೆರ್ಜೋಗೆನಾರಾಕ್ ಎಂಬ ಸಣ್ಣ ಊರಿನಲ್ಲಿ ಡಾಸ್ಲರ್ ಎಂಬ ಅಣ್ಣತಮ್ಮಂದಿರು ಒಟ್ಟಿಗೆ ಬೂಟು ಹೊಲಿಸುತ್ತಿದ್ದರು. ಜಗಳವಾಗಿ ಬೇರೆಯಾದರು. ಅಣ್ಣ ರುಡಾಲ್ಫ್ 1948ರಲ್ಲಿ ಪೂಮಾ ಕಟ್ಟಿದ, ತಮ್ಮ ಅಡಾಲ್ಫ್ 1949ರಲ್ಲಿ ಅಡಿಡಾಸ್ ಕಟ್ಟಿದ. ಆ ಊರಿನವರು ಎದುರಿಗೆ ಸಿಕ್ಕವರ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದರಂತೆ, ಯಾವ ಪಕ್ಷದವನೆಂದು ತಿಳಿಯಲು. ನಮ್ಮ ದಾಯಾದಿ ಜಗಳಗಳು ಬದುವಿನಲ್ಲೇ ಮುಗಿದುಹೋಗುತ್ತವೆ. ಇದು ಫುಟ್‌ಬಾಲ್ ಮೈದಾನಕ್ಕೂ ಹಬ್ಬಿತು. 1974ರ ವಿಶ್ವಕಪ್ಪಿನಲ್ಲಿ ಹಾಲೆಂಡ್ ತಂಡದ ಅಂಗಿ ಅಡಿಡಾಸಿನದು, ತೋಳಿನ ಮೇಲೆ ಮೂರು ಪಟ್ಟಿ. ನಾಯಕ ಯೋಹಾನ್ ಕ್ರೈಫ್‌ಗೆ ಪೂಮಾದೊಡನೆ ಒಪ್ಪಂದವಿತ್ತು. ಮೂರು ಪಟ್ಟಿ ತೊಡಲಾರೆ ಎಂದ. ಕೊನೆಗೆ ಅವನೊಬ್ಬನಿಗೆ ಎರಡೇ ಪಟ್ಟಿಯ ಅಂಗಿ ತಯಾರಾಯಿತು. ಹತ್ತು ಜನರಿಗೆ ಮೂರು, ಒಬ್ಬನಿಗೆ ಎರಡು. ಹಾಗೆಯೇ ಅವರು ಫೈನಲ್ಲಿನವರೆಗೂ ಹೋದರು. ಇನ್ನು ನೈಕಿಯ ಆ ಗೀಟು, ಜಗತ್ತಿನ ಮೂಲೆಮೂಲೆಯ ಮಗುವಿಗೂ ಗುರುತಿರುವ ಗೀಟು, 1971ರಲ್ಲಿ ಕ್ಯಾರೊಲಿನ್ ಡೇವಿಡ್ಸನ್ ಎಂಬ ವಿದ್ಯಾರ್ಥಿನಿ ಬರೆದುಕೊಟ್ಟದ್ದು. ಆಗ ಆಕೆಗೆ ಸಿಕ್ಕ ಕೂಲಿ 35 ಡಾಲರು. ಮುಂದೆ ಕಂಪನಿ ಆಕೆಗೆ ಷೇರುಗಳನ್ನು ಕೊಟ್ಟು ಗೌರವಿಸಿತೆನ್ನಿ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಬ್ರೆಜಿಲಿನ ಹಳದಿ ಅಂಗಿಯ ಕತೆ. 1950ರಲ್ಲಿ ತಮ್ಮದೇ ಮರಕಾನ ಕ್ರೀಡಾಂಗಣದಲ್ಲಿ ಉರುಗ್ವೆಗೆ ಸೋತು ವಿಶ್ವಕಪ್ ಕಳೆದುಕೊಂಡಾಗ ಬ್ರೆಜಿಲಿನವರು ಬಿಳಿ ಅಂಗಿ ತೊಟ್ಟಿದ್ದರು. ದೇಶಕ್ಕೆ ದೇಶವೇ ಸೂತಕದಲ್ಲಿ ಕೂತಿತು. ಆ ಬಿಳಿಯೇ ಅಪಶಕುನ ಎಂದು ಜನ ಆಡಿಕೊಂಡರು. 1953ರಲ್ಲಿ ರಿಯೊದ ಒಂದು ದಿನಪತ್ರಿಕೆ ಸ್ಪರ್ಧೆ ಏರ್ಪಡಿಸಿತು: ಬಾವುಟದ ನಾಲ್ಕೂ ಬಣ್ಣ ಇರುವ ಅಂಗಿಯನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ಗೆದ್ದವನು ಆಲ್ಡಿರ್ ಗಾರ್ಸಿಯ ಶ್ಲೀ, ಉರುಗ್ವೆಯ ಗಡಿ ಊರಿನಲ್ಲಿ ಬೆಳೆದ ಹದಿಹರೆಯದ ಹುಡುಗ. ಹಳದಿ ಅಂಗಿಗೆ ಹಸಿರು ಅಂಚು, ನೀಲಿ ಚಡ್ಡಿ, ಬಿಳಿ ಕಾಲುಚೀಲ. ಪೆಲೆಯಿಂದ ನೇಮರ್‌ವರೆಗೆ ಎಲ್ಲರೂ ತೊಟ್ಟದ್ದು ಅದನ್ನೇ. ತಮಾಷೆಯೆಂದರೆ ಈ ಹುಡುಗನ ಮನಸ್ಸು ಉರುಗ್ವೆ ತಂಡದ ಕಡೆಗೇ ಇತ್ತಂತೆ! ಬೋರ್ಡ್ ರೂಮಿನಲ್ಲಿ ಕೂತು ಯಾರೋ ತೀರ್ಮಾನಿಸಿದ ಅಂಗಿ ಅಲ್ಲ ಅದು, ಒಬ್ಬ ಹುಡುಗ ಬಣ್ಣದ ಕಡ್ಡಿ ಹಿಡಿದು ಬರೆದದ್ದು.

ನಮ್ಮ ಮಕ್ಕಳ ಎದೆಯ ಮೇಲೆ ದೇಶದ ನೀಲಿಯಷ್ಟೇ ಮೆರೆಯುವುದು ಆರ್‌ಸಿಬಿಯ ಕೆಂಪು. 2008ರಲ್ಲಿ ತಂಡ ಕಟ್ಟಿದಾಗ ಅದರ ಒಡೆಯರು ವಿಜಯ್ ಮಲ್ಯ; ಹೆಸರು ಬಂದದ್ದು ಅವರದೇ ಕಂಪನಿಯ ರಾಯಲ್ ಚಾಲೆಂಜ್ ಎಂಬ ವಿಸ್ಕಿಯಿಂದ. ಮದ್ಯದ ಜಾಹೀರಾತಿಗೆ ನಮ್ಮಲ್ಲಿ ಅವಕಾಶವಿಲ್ಲ, ಕ್ರಿಕೆಟ್ ತಂಡಕ್ಕೆ ಹೆಸರಿಡುವುದಕ್ಕೆ ಅಡ್ಡಿಯಿಲ್ಲ. ಗುಟುಕು ಕಾಫಿಯೂ ಕುಡಿಯದ ಮನೆಗಳ ಮಕ್ಕಳು ಈ ಹೆಸರನ್ನು ಜಪ ಮಾಡುವುದನ್ನು ನೋಡಿ ನನಗೆ ನಗು ಬಂದದ್ದುಂಟು. ಆದರೆ ಮಕ್ಕಳು ವಿಸ್ಕಿಯನ್ನು ಕಂಡವರಲ್ಲ, ಅವರು ಕಂಡದ್ದು ತಮ್ಮ ಊರಿನ ತಂಡವನ್ನು. ಹದಿನೇಳು ವರ್ಷ ಕಪ್ಪಿಲ್ಲದೆ, ಅವರಿವರ ಹಾಸ್ಯಕ್ಕೆ ಗುರಿಯಾಗಿ, 'ಈ ಸಲ ಕಪ್ ನಮ್ದೇ' ಎನ್ನುತ್ತ ಕಾದರಲ್ಲ, ಆ ನಿಷ್ಠೆಯನ್ನು ಯಾವ ಕಂಪನಿಯೂ ದುಡ್ಡು ಕೊಟ್ಟು ಮಾಡಿಸಲಾರದು. 2024ರಲ್ಲಿ ಹೆಸರಿನ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂತು. ಅದೇ ವರ್ಷ ಹೆಣ್ಣುಮಕ್ಕಳು ಮೊದಲು ಕಪ್ ತಂದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಗಂಡಸರ ತಂಡವೂ ಗೆದ್ದಿತು.

ಮರುದಿನ ಚಿನ್ನಸ್ವಾಮಿಯ ಗೇಟುಗಳ ಮುಂದೆ ನಡೆದದ್ದು ನಿಮಗೆಲ್ಲ ಗೊತ್ತು. ಸಂಭ್ರಮಕ್ಕೆಂದು ಬಂದವರ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಎಳೆಯರು, ಓದುವ ವಯಸ್ಸಿನವರು, ಕೆಲಸಕ್ಕೆ ಆಗಷ್ಟೇ ಸೇರಿದವರು. ಪತ್ರಿಕೆಗಳಲ್ಲಿ ಬಂದ ಚಪ್ಪಲಿಗಳ ರಾಶಿಯ ಚಿತ್ರ ನೋಡಿ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂವತ್ತು ವರ್ಷ ನಾನು ಮಕ್ಕಳನ್ನು ಲಾರಿಯಲ್ಲಿ, ಬಸ್ಸಿನಲ್ಲಿ ಆಟಕ್ಕೆ ಕರೆದುಕೊಂಡು ಹೋಗಿ, ತಲೆ ಎಣಿಸಿ, ವಾಪಸು ಮನೆಗೆ ಮುಟ್ಟಿಸಿದವನು. ಬನಿಯನ್ನು ಎಣಿಸುವ ಮೊದಲು ತಲೆ ಎಣಿಸಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಅಂಗಿ ಮಾರುವವರಿಗೆ ಎಷ್ಟು ಅಂಗಿ ಹೋಯಿತೆಂಬ ಲೆಕ್ಕ ಚೆನ್ನಾಗಿ ಇರುತ್ತದೆ. ಅಂಗಿ ತೊಟ್ಟು ಬಂದ ತಲೆಗಳನ್ನು ಅಂದು ಎಣಿಸಿದವರು ಯಾರು? ಮಕ್ಕಳು ಆ ಬಣ್ಣವನ್ನು ಪ್ರೀತಿಸಿದ್ದು ತಪ್ಪೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈಚೆಗೆ ನಮ್ಮ ಬೀದಿಯ ಹುಡುಗರು ಟೆನಿಸ್ ಬಾಲ್ ಟೂರ್ನಮೆಂಟಿಗೆ ತಂಡ ಕಟ್ಟಿಕೊಂಡು ಜೆರ್ಸಿ ಮಾಡಿಸಲು ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದರು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಅಂಗಡಿ. ಕಂಪ್ಯೂಟರಿನಲ್ಲಿ ಚಿತ್ರ ಮಾಡಿ, ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಗದದ ಮೇಲೆ ಅಚ್ಚು ಹಾಕಿ, ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಬಿಸಿ ಯಂತ್ರದಲ್ಲಿ ಒತ್ತುತ್ತಾರೆ. ಆ ಕಾವಿಗೆ ಬಣ್ಣ ಆವಿಯಾಗಿ ನೂಲಿನ ಒಳಗೇ ಇಳಿದುಬಿಡುತ್ತದೆ. ಎಷ್ಟು ಒಗೆದರೂ ಕಿತ್ತುಬರುವುದಿಲ್ಲ. ಹತ್ತಿ ಬಟ್ಟೆಗೆ ಈ ಬಣ್ಣ ಹಿಡಿಯದು, ಅದಕ್ಕೇ ಎಲ್ಲ ಜೆರ್ಸಿಯೂ ಪಾಲಿಯೆಸ್ಟರು ಎಂದು ಅಂಗಡಿಯ ಹುಡುಗ ವಿವರಿಸಿದ. ಬಟ್ಟೆ ತಿರುಪ್ಪೂರಿನಿಂದ ಬರುತ್ತದೆ. ದೊಡ್ಡ ಕಂಪನಿಯ ಗುರುತು ಹಾಕಿಕೊಡು ಎಂದು ಒಬ್ಬ ಕೇಳಿದ್ದಕ್ಕೆ, "ಅದು ಬೇಡಣ್ಣ, ಕೇಸ್ ಆಗುತ್ತೆ, ನಿಮ್ದೇ ಏನಾದ್ರೂ ಬರ್ಕೊಡಿ" ಎಂದ.

ನಮ್ಮದೇ ಎಂದರೆ ಏನು? ಅಲ್ಲೇ ಬೆಂಚಿನ ಮೇಲೆ ಅರ್ಧ ಗಂಟೆ ಚರ್ಚೆ ನಡೆಯಿತು. ಸಿಂಹ ಬೇಡ, ಎಲ್ಲರದೂ ಸಿಂಹವೇ. ಹುಲಿಯೂ ಆಗಿಹೋಗಿದೆ. ಕೊನೆಗೆ ಊರ ಕೆರೆ ಏರಿಯ ಮೇಲೆ ಸದಾ ಒಂಟಿ ಕಾಲಲ್ಲಿ ನಿಂತಿರುವ ಕೊಕ್ಕರೆಗೆ ಬಹುಮತ ಬಂತು. ಫೀಲ್ಡಿಂಗಿನಲ್ಲೂ ನೀವು ಹಾಗೇ ನಿಲ್ಲುವುದು, ಸರಿಯಾಗಿದೆ ಎಂದೆ. ಚಿತ್ರ ಬರೆದವಳು ತಂಡದ ಓಪನಿಂಗ್ ಬೌಲರಿನ ತಂಗಿ. ತೋಳಿನ ಮೇಲೆ ಕೋಳಿ ಅಂಗಡಿಯವರ ಹೆಸರು, ಅದಕ್ಕೆ ಅವರು ಕೊಡುವುದು ಎರಡು ಸಾವಿರ ರೂಪಾಯಿ ಮತ್ತು ಫೈನಲ್ಲಿನ ದಿನ ಬಿರಿಯಾನಿ. ಎದೆಯ ಮೇಲೆ ಊರಿನ ಹೆಸರು, ಕನ್ನಡದಲ್ಲಿ. ಹದಿನಾಲ್ಕು ಅಂಗಿಗೆ ಮುಂಗಡ ಕೊಟ್ಟು ಬಂದಿದ್ದೇವೆ. ಹದಿನೆಂಟನೆಯ ನಂಬರಿನ ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ. ಮೂವರು ಕೇಳಿದ್ದಾರೆ. ಇಬ್ಬರಿಗೆ ಅದು ಕೊಹ್ಲಿಯ ನಂಬರು. ಆ ಚಿತ್ರ ಬರೆದ ಹುಡುಗಿ ತಾನೂ ಆಡುತ್ತೇನೆಂದು ಹೆಸರು ಕೊಟ್ಟಿದ್ದಾಳೆ. ಅದು ಸ್ಮೃತಿ ಮಂಧಾನಳ ನಂಬರೂ ಹೌದು ಎಂದು ಅವಳ ವಾದ.